ಇಂಗ್ಲಿಷ್ ಬಿಟ್ಟ ಮೇಲೆ ಬಂದ ಸ್ಪ್ಯಾನಿಶ್

ಮೆಕ್ಸಿಕೋಗೆ ವರ್ಗವಾಗಿದೆ ಅಂದಾಗ ಬಳಗದವರೆಲ್ಲ ಹೇಳಿದ್ದು ಒಂದೇ ಮಾತು: "ಸ್ಪ್ಯಾನಿಶ್ ತಾನೇ? ತುಂಬಾ ಸುಲಭವಂತೆ." ಹೇಳಿದವರಲ್ಲಿ ಒಬ್ಬರೂ ಸ್ಪ್ಯಾನಿಶ್ ಕಲಿತವರಲ್ಲ. ಆದರೂ ಆ ಮಾತು ಪೂರ್ತಿ ಗಾಳಿಮಾತಲ್ಲ. ಅಮೆರಿಕ ಸರ್ಕಾರ ತನ್ನ ರಾಯಭಾರ ಕಚೇರಿಗಳ ಸಿಬ್ಬಂದಿಗೆ ಭಾಷೆ ಕಲಿಸಲು ಒಂದು ಸಂಸ್ಥೆ ನಡೆಸುತ್ತದೆ. ಅವರ ಲೆಕ್ಕದಲ್ಲಿ ಸ್ಪ್ಯಾನಿಶ್ ಸುಲಭದ ಗುಂಪಿಗೆ ಸೇರಿದ್ದು, ಸುಮಾರು 600ರಿಂದ 750 ಗಂಟೆ ಪಾಠ ಸಾಕು. ಆದರೆ ಆ ಲೆಕ್ಕ ಇಂಗ್ಲಿಷ್ ಮನೆಮಾತಾಗಿರುವವರಿಗೆ. ಅವರಿಗೆ ಕಲಿಯುವುದೇ ಕೆಲಸ, ಅದಕ್ಕೆ ಸಂಬಳವೂ ಇದೆ. ಕುಕ್ಕರ್ ಇಳಿಸಿ, ಮಕ್ಕಳನ್ನು ಶಾಲೆಗೆ ಬಿಟ್ಟು, ನಡುವೆ ಸಿಕ್ಕ ಮುಕ್ಕಾಲು ಗಂಟೆಯಲ್ಲಿ ಪುಸ್ತಕ ಹಿಡಿಯುವ ಶಿವಮೊಗ್ಗದವಳ ಲೆಕ್ಕ ಯಾರೂ ಹಾಕಿಲ್ಲ.

ನಾವು ಬಂದಿಳಿದದ್ದು ಗ್ವಾದಲಹಾರಕ್ಕೆ. ಹಲಿಸ್ಕೋ ರಾಜ್ಯದ ರಾಜಧಾನಿ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು, ಸಾಫ್ಟ್‌ವೇರ್ ಕಂಪನಿಗಳು ಜಾಸ್ತಿ ಇರುವುದರಿಂದ ಇದನ್ನು ಮೆಕ್ಸಿಕೋದ ಸಿಲಿಕಾನ್ ವ್ಯಾಲಿ ಅನ್ನುತ್ತಾರೆ. ಸಮುದ್ರ ಮಟ್ಟದಿಂದ 1,500 ಮೀಟರ್‌ಗಿಂತ ಎತ್ತರದಲ್ಲಿದೆ. ಹಾಗಾಗಿ ಹವೆ ಹೆಚ್ಚುಕಮ್ಮಿ ಬೆಂಗಳೂರಿನದೇ. ಮಾರ್ಚ್ ಹೊತ್ತಿಗೆ ರಸ್ತೆಬದಿಯಲ್ಲಿ ಜಕರಂಡಾ ಹೂವು, ಜೂನ್ ಬಂದರೆ ಸಂಜೆ ಮಳೆ. ನಮ್ಮ ಮನೆ ಇರುವುದು ಊರಿಗೆ ಅಂಟಿಕೊಂಡೇ ಇರುವ ಸಪೋಪಾನ್‌ನಲ್ಲಿ. ಇಷ್ಟೆಲ್ಲ ಬೆಂಗಳೂರಿನ ಹಾಗೇ ಇದ್ದರೂ, ಇಂಗ್ಲಿಷಿನಲ್ಲೇ ಹೇಗೋ ದಿನ ದೂಡಬಹುದು ಅನ್ನುವ ಆ ಒಂದು ಸೌಲಭ್ಯ ಮಾತ್ರ ಇಲ್ಲಿಲ್ಲ. ಆಫೀಸಿನ ಒಳಗೆ ಇಂಗ್ಲಿಷ್. ಗೇಟ್ ದಾಟಿದರೆ ಮುಗಿಯಿತು.

ಬರುವ ಮುಂಚೆ ಎಲ್ಲರ ಹಾಗೆ ನಾವೂ ಮೊಬೈಲ್ ಆ್ಯಪ್‌ನಲ್ಲಿ ಕಲಿತಿದ್ದೆವು. ಹುಡುಗ ಸೇಬು ತಿನ್ನುತ್ತಾನೆ, ಬೆಕ್ಕು ಹಾಲು ಕುಡಿಯುತ್ತದೆ. ಇಲ್ಲಿಗೆ ಬಂದ ಮೇಲೆ ಸೇಬು ತಿನ್ನುವ ಹುಡುಗನ ಬಗ್ಗೆ ಯಾರೂ ಕೇಳಲಿಲ್ಲ. ಕೇಳಿದ್ದು ಗ್ಯಾಸ್ ಎಷ್ಟು ಲೀಟರ್ ಬೇಕು, ಮನೆ ಯಾವ ಗಲ್ಲಿಯಲ್ಲಿ, ಫೋನ್ ನಂಬರ್ ಏನು.

ಆ ಫೋನ್ ನಂಬರ್ ವಿಷಯ ಹೇಳಲೇಬೇಕು. ಇಲ್ಲಿ ಬಹಳ ಮನೆಗಳಲ್ಲಿ ಗ್ಯಾಸ್ ಟ್ಯಾಂಕ್ ತಾರಸಿಯ ಮೇಲಿರುತ್ತದೆ. ಫೋನ್ ಮಾಡಿದರೆ ಲಾರಿ ಬಂದು ಉದ್ದದ ಪೈಪ್ ಎಳೆದು ತುಂಬಿಸಿ ಹೋಗುತ್ತದೆ. ಫೋನ್ ತೆಗೆದ ಹುಡುಗಿ ನಂಬರ್ ಕೇಳಿದಳು. ನಾನು ನಮ್ಮ ಕ್ರಮದಲ್ಲಿ ಒಂದೊಂದೇ ಅಂಕಿ ಹೇಳಿದೆ. ಅವಳಿಗೆ ಹತ್ತಲಿಲ್ಲ. ಇಲ್ಲಿ ನಂಬರ್ ಹೇಳುವುದು ಜೋಡಿ ಜೋಡಿಯಾಗಿ. ಗ್ವಾದಲಹಾರದ ನಂಬರ್‌ಗಳು 33ರಿಂದ ಶುರು, ಅದು "ತ್ರೇಯಿಂತಾ ಇ ತ್ರೇಸ್". ಆಮೇಲೆ ಹದಿನಾಲ್ಕು, ಅರವತ್ತೆರಡು, ಎಪ್ಪತ್ತಾರು, ಹೀಗೆ. ಅವಳು ಅದನ್ನೇ ಜೋಡಿ ಮಾಡಿ ನನಗೆ ವಾಪಸ್ ಓದಿದಳು, ಸರಿಯಾ ಅಂತ. ಅರವತ್ತು ಅಂದರೆ ಸೆಸೆಂತಾ, ಎಪ್ಪತ್ತು ಅಂದರೆ ಸೆತೆಂತಾ. ಫೋನಿನಲ್ಲಿ, ಹಿಂದೆ ಲಾರಿಗಳ ಸದ್ದಿನ ನಡುವೆ, ಈ ಎರಡರ ವ್ಯತ್ಯಾಸ ಹಿಡಿಯಿರಿ ನೋಡೋಣ. ನಾನು "ಸಿ, ಸಿ", ಅಂದರೆ ಹೌದು ಹೌದು, ಅಂದೆ. ಗ್ಯಾಸ್ ಬರಲಿಲ್ಲ. ಆವತ್ತಿನಿಂದ ಮನೆಯಲ್ಲಿ ಯಾವ ನಂಬರ್ ಕಂಡರೂ ಜೋಡಿ ಮಾಡಿ ಗಟ್ಟಿಯಾಗಿ ಓದುವ ಅಭ್ಯಾಸ ಶುರುವಾಯಿತು. ಮುಂದಿನ ಕಾರಿನ ನಂಬರ್, ಹಾಲಿನ ಡಬ್ಬದ ಮೇಲಿನ ತಾರೀಖು, ಏನೇ ಇರಲಿ.

ಊಟದ ಸ್ಪ್ಯಾನಿಶ್ ಮಾತ್ರ ಬೇಗ ಬಂತು. ಬೇರೆ ದಾರಿ ಇರಲಿಲ್ಲ. ಸಸ್ಯಾಹಾರಿಗಳು ಇಲ್ಲಿ "ಸಿನ್ ಕಾರ್ನೆ" (ಮಾಂಸ ಇಲ್ಲದೆ) ಅಂದರೆ ಸಾಲದು. ಕಾರ್ನೆ ಅಂದರೆ ಬಹಳ ಜನರ ಮನಸ್ಸಿಗೆ ಬರುವುದು ದನ, ಹಂದಿ. ಕೋಳಿ ಬೇರೆ, ಮೀನು ಬೇರೆ, ಹ್ಯಾಮ್ ಅಂತೂ ತರಕಾರಿಗೆ ಸಮ. ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿರಬಹುದು, ಹುರುಳಿಕಾಯಿ ಬೀಜದ ಹಾಗಿರುವ ಆ ಫ್ರಿಹೋಲೆಸ್‌ಗೆ ಹಂದಿ ಕೊಬ್ಬು ಹಾಕಿರಬಹುದು. ಅದಕ್ಕೇ "ಲೋಸ್ ಫ್ರಿಹೋಲೆಸ್ ಯೇವಾನ್ ಮಾಂತೇಕಾ?" (ಫ್ರಿಹೋಲೆಸ್‌ಗೆ ಹಂದಿ ಕೊಬ್ಬು ಹಾಕಿದೆಯಾ?) ಅನ್ನುವ ಪ್ರಶ್ನೆ ನಮ್ಮ ನಾಲ್ಕೂ ಜನಕ್ಕೆ ಬಾಯಿಪಾಠ. ಚಿಕ್ಕವನು ಹೋಟೆಲಿನಲ್ಲಿ ಕೂರುವ ಮೊದಲೇ ಕೇಳಿಬಿಡುತ್ತಿದ್ದ.

ಇದಾದ ಮೇಲೆ ನಾನು, ನಮ್ಮವರು ಒಂದು ಖಾಸಗಿ ತರಗತಿಗೆ ಸೇರಿದೆವು. ಜೊತೆಗಿದ್ದವರಲ್ಲಿ ಹೆಚ್ಚಿನವರು ಅಮೆರಿಕ, ಕೆನಡಾದವರು. ಇಲ್ಲಿಂದ ಒಂದು ಗಂಟೆ ದೂರದ ಚಪಾಲಾ ಕೆರೆಯ ದಂಡೆಯಲ್ಲಿ ನಿವೃತ್ತಿಯಾದವರು ಬಹಳ ಜನ ಬಂದು ನೆಲೆಸಿದ್ದಾರೆ. ಪಾಠ ಪೂರ್ತಿ ಇಂಗ್ಲಿಷಿನಲ್ಲಿ. ಮೇಷ್ಟ್ರು ಒಳ್ಳೆಯವರೇ. ಆದರೆ "ಮೇ ಗುಸ್ತಾ" ಬಂದ ದಿನ ಇಡೀ ತರಗತಿ ಕಂಗಾಲು. ನನಗೆ ಕಾಫಿ ಇಷ್ಟ ಅನ್ನಲು "ಮೇ ಗುಸ್ತಾ ಎಲ್ ಕಫೇ". ಇದು ತಲೆಕೆಳಗಾದ ಕ್ರಿಯಾಪದ, ಇಲ್ಲಿ ಕಾಫಿಯೇ ಕರ್ತೃ, ಕಾಫಿ ನನ್ನನ್ನು ಸಂತೋಷಪಡಿಸುತ್ತದೆ ಅಂತ ಅರ್ಥ ಮಾಡಿಕೊಳ್ಳಿ ಎಂದು ಅವರು ಬೋರ್ಡ್ ಮೇಲೆ ಬಾಣ ಎಳೆದು ತೋರಿಸಿದರು. ನಾವೂ ಅಮೆರಿಕದವರ ಜೊತೆ ಸೇರಿ ಆ ಬಾಣ ನೋಡಿ ತಲೆ ಕೆರೆದುಕೊಂಡೆವು. ಕನ್ನಡದಲ್ಲಿ ಹುಟ್ಟಿದ ಯೋಚನೆಯನ್ನು ಇಂಗ್ಲಿಷಿಗೆ ಮಾಡಿ, ಅದನ್ನು ಸ್ಪ್ಯಾನಿಶ್‌ಗೆ ಮಾಡುವುದು ನಮಗೆ ಎಷ್ಟು ರೂಢಿಯಾಗಿತ್ತು ಅಂದರೆ, ನಡುವೆ ಒಬ್ಬ ದಲ್ಲಾಳಿ ಕೂತಿದ್ದಾನೆ ಅನ್ನುವುದೇ ಗೊತ್ತಾಗಿರಲಿಲ್ಲ.

ಗೊತ್ತಾದದ್ದು ಎರಡನೇ ವರ್ಷ, ನಮ್ಮ ಬೀದಿಯ ನಿವೃತ್ತ ಶಾಲಾ ಟೀಚರ್ ಒಬ್ಬರಿಂದ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಕಲಿಯುವ ಆಸೆಯೂ ಇಲ್ಲ. ಅಡುಗೆಮನೆ ಮೇಜಿನ ಮುಂದೆ ಕೂರಿಸಿಕೊಂಡು ಪಾಠ. ನಾನು ಎಂದಿನಂತೆ ಇಂಗ್ಲಿಷಿನ ಧಾಟಿಯಲ್ಲಿ "ಯೋ ಗುಸ್ತೊ" (ಯೋ ಅಂದರೆ ನಾನು) ಅಂತ ಶುರುಮಾಡಿದೆ. ಅವರು ನಿಲ್ಲಿಸಿ, ನಿನ್ನ ಭಾಷೆಯಲ್ಲಿ ಇದನ್ನು ಹೇಗೆ ಹೇಳುತ್ತೀಯ ಅಂದರು. ಇಂಗ್ಲಿಷಿನಲ್ಲಿ ಹೇಳಲು ಹೋದೆ. ಅದಲ್ಲ, ಅಮ್ಮನ ಹತ್ತಿರ ಮಾತಾಡುವುದರಲ್ಲಿ ಹೇಳು ಅಂದರು. "ನನಗೆ ಈ ಮನೆ ಹಿಡಿಸಿತು" ಅಂತ ಬರೆದು, ಒಂದೊಂದೇ ಪದ ಬಿಡಿಸಿ ಅರ್ಥ ಹೇಳಿದೆ. ನನಗೆ ಅಂದರೆ "ಮೇ". ಹಿಡಿಸಿತು ಅಂದರೆ "ಗುಸ್ತೋ". ಹಿಡಿಸಿದ್ದು ಯಾವುದು? ಮನೆ. ಅದಕ್ಕೇ "ನಾನು ಹಿಡಿಸಿದೆ" ಅಲ್ಲ, "ಮನೆ ಹಿಡಿಸಿತು". ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕರು. ಎರಡೂ ಒಂದೇ ಇದೆಯಲ್ಲ, ಮತ್ತೆ ನೀನು ಯಾಕೆ ಒದ್ದಾಡುತ್ತಿದ್ದೀಯ ಅನ್ನುವ ನಗು.

ಆ ದಿನ ರಾತ್ರಿಯೇ ಒಂದು ನೋಟ್‌ಬುಕ್ ಶುರುಮಾಡಿದೆ. ಎಡಗಡೆ ಕನ್ನಡ, ಬಲಗಡೆ ಸ್ಪ್ಯಾನಿಶ್. ಇಂಗ್ಲಿಷ್ ಎಲ್ಲೂ ಇಲ್ಲ. ನನಗೆ ತಲೆ ನೋಯುತ್ತೆ: ಮೇ ದ್ವೇಲೆ ಲಾ ಕಬೇಸಾ. ಕಾಲುಗಳು ನೋಯುತ್ತವೆ: ಮೇ ದ್ವೇಲೆನ್ ಲೋಸ್ ಪ್ಯೇಸ್. ನೋಯುವುದು ತಲೆ, ನಾನಲ್ಲ. ಎರಡು ಭಾಷೆಯಲ್ಲೂ ಹಾಗೇ. ಹತ್ತು ಪೆಸೊ ಕಮ್ಮಿ ಬಿತ್ತು ನನಗೆ: ಮೇ ಫಾಲ್ತಾನ್ ದ್ಯೇಸ್ ಪೇಸೋಸ್. ನನಗೆ ತುಂಬಾ ಇಷ್ಟವಾದದ್ದು "ಸೆ ಮೇ ಓಲ್ವಿದೋ". ತರಗತಿಯಲ್ಲಿ ಇದನ್ನು ಆಕಸ್ಮಿಕ ಕ್ರಿಯೆಯ ವಿಶೇಷ ಪ್ರಯೋಗ ಅಂತ ಒಂದು ಪೂರ್ತಿ ಪಾಠ ಮಾಡಿದ್ದರು. ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತು: "ನನಗೆ ಮರೆತುಹೋಯ್ತು." ನಾನು ಮರೆಯಲಿಲ್ಲ, ಅದೇ ಮರೆತುಹೋಯಿತು. ಕೀ ಮರೆತು ಬಂದವರು ತಪ್ಪನ್ನು ಕೀ ಮೇಲೆ ಹಾಕುವ ಜಾಣತನ ಎರಡೂ ಭಾಷೆಯವರಿಗೆ ಇದೆ.

ಸೇರ್, ಎಸ್ತಾರ್ ಅನ್ನುವುದು ಎಲ್ಲರನ್ನೂ ಕಾಡುವ ಜೋಡಿ. ಇಂಗ್ಲಿಷಿನಲ್ಲಿ "ಈಸ್" ಅನ್ನುವ ಒಂದೇ ಕ್ರಿಯಾಪದ ಇರುವ ಕಡೆ ಸ್ಪ್ಯಾನಿಶ್‌ನಲ್ಲಿ ಎರಡು. ಶಾಶ್ವತವಾದದ್ದಕ್ಕೆ ಸೇರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್ ಅಂತ ಹೇಳಿಕೊಡುತ್ತಾರೆ. ಹಾಗಾದರೆ ಬ್ಯಾಂಕ್ ಮೂಲೆಯಲ್ಲಿ ಇದೆ ಅನ್ನುವುದಕ್ಕೆ ಎಸ್ತಾರ್ ಯಾಕೆ? ಬ್ಯಾಂಕ್ ಎಲ್ಲಿಗಾದರೂ ಎದ್ದು ಹೋಗುತ್ತದಾ? ಕನ್ನಡದಲ್ಲಿ ನೋಡಿದರೆ ಈ ಗೋಜಿಲ್ಲ. "ಅವಳು ಟೀಚರ್", "ಇವತ್ತು ಸೋಮವಾರ". ಕ್ರಿಯಾಪದವೇ ಇಲ್ಲದ ಇಂಥ ಕಡೆ ಸೇರ್. "ಅವಳು ಮನೆಯಲ್ಲಿ ಇದ್ದಾಳೆ", "ಕಾಫಿ ಬಿಸಿ ಇದೆ", "ಬ್ಯಾಂಕ್ ಮೂಲೆಯಲ್ಲಿ ಇದೆ". ಇರು ಅನ್ನುವುದು ಬಂದ ಕಡೆ ಎಸ್ತಾರ್. ಎಲ್ಲ ಕಡೆ ನಡೆಯುವುದಿಲ್ಲ. ಮೀಟಿಂಗ್ ಶಾಲೆಯಲ್ಲಿ ಇದೆ ಅನ್ನುವಾಗ ಇದೆ ಅನ್ನುತ್ತೇವೆ, ಅಲ್ಲಿ ಸೇರ್ ಬರುತ್ತದೆ. ಅವನು ಎತ್ತರ ಇದ್ದಾನೆ ಅನ್ನುವಾಗಲೂ ಅಷ್ಟೇ. ಆದರೂ ಶಾಶ್ವತ, ತಾತ್ಕಾಲಿಕ ಅಂತ ವೇದಾಂತ ಯೋಚಿಸುವುದಕ್ಕಿಂತ ಇದು ಎಷ್ಟೋ ಮೇಲು.

ಭೂತಕಾಲದ ಕಥೆಯೂ ಹೀಗೇ. ಹೋದೆ ಅಂದರೆ ಫುಯಿ, ಹೋಗುತ್ತಿದ್ದೆ ಅಂದರೆ ಈಬಾ. ಚಿಕ್ಕವಳಿದ್ದಾಗ ನಡೆದುಕೊಂಡೇ ಶಾಲೆಗೆ ಹೋಗುತ್ತಿದ್ದೆ ಅನ್ನುವಲ್ಲಿ ಯಾವುದು ಹಾಕಬೇಕು ಅಂತ ಪಕ್ಕದ ಕುರ್ಚಿಯ ಅಮೆರಿಕದವರು ಪಟ್ಟಿ ನೋಡುತ್ತಿದ್ದರು. ನಮಗೆ ಪಟ್ಟಿ ಬೇಡ. ಕ್ರಿಯಾಪದದ ಬಾಲದಲ್ಲೇ ನಾನು, ನೀನು, ಅವರು ಎಲ್ಲ ಸೇರಿಕೊಂಡಿರುವುದೂ ಹೊಸದೇನಲ್ಲ. "ಬಂದೆ" ಅಂದರೆ ಸಾಕು, "ನಾನು" ಬೇಕಿಲ್ಲ. ಇಂಗ್ಲಿಷಿನ ದೆಸೆಯಿಂದ ನಾವು ಪ್ರತಿ ವಾಕ್ಯಕ್ಕೂ "ಯೋ, ಯೋ" ಅನ್ನುತ್ತಿದ್ದೆವು. ಕೇಳುವವರಿಗೆ ಅದು ನಾನು ನಾನು ಅಂತ ಎದೆ ತಟ್ಟಿಕೊಂಡ ಹಾಗೆ.

ಸಬ್‌ಜಂಕ್ಟಿವ್, ಅಂದರೆ ಹಾರೈಕೆ, ಅನುಮಾನ ಇಂಥವನ್ನು ಹೇಳುವಾಗ ಬರುವ ಕ್ರಿಯಾಪದದ ಬೇರೆ ರೂಪ. ಈ ಭೂತದ ಹೆಸರು ಹೇಳಿ ಎಲ್ಲರೂ ಹೆದರಿಸಿದ್ದರು. ಅದರಲ್ಲಿ ಅರ್ಧ ಭೂತ ನಮ್ಮ "ಲಿ". ಒಳ್ಳೇದಾಗಲಿ, ಹುಷಾರಾಗಲಿ, ದೇವರು ಚೆನ್ನಾಗಿಟ್ಟಿರಲಿ. ಇಲ್ಲಿಯವರು ಬಾಯಿ ತೆಗೆದರೆ ಹಾರೈಸುತ್ತಾರೆ. ಅಂಗಡಿಯಿಂದ ಹೊರಡುವಾಗ "ಕೆ ಲೆ ವಾಯಾ ಬ್ಯೇನ್", ಕಾಯಿಲೆಯವರಿಗೆ "ಕೆ ಸೆ ಮೆಹೋರೆ". ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಧಾಟಿಯೇ. ಉಳಿದರ್ಧ ಭೂತ ಹಾಗೇ ಇದೆ. ಅವನು ಬಂದ ಮೇಲೆ ಹೇಳ್ತೀನಿ, ಅವನು ಬರ್ತಾನೆ ಅಂತ ನನಗೆ ಅನ್ನಿಸಲ್ಲ, ಇವುಗಳಲ್ಲೂ ಅದೇ ರೂಪ ಬರಬೇಕು. ನಮ್ಮ ಕನ್ನಡ ಅಲ್ಲಿ ಸುಮ್ನೆ ಕೈಕಟ್ಟಿ ನಿಲ್ಲುತ್ತದೆ.

ಉಚ್ಚಾರಣೆಯಲ್ಲೂ ಇಂಗ್ಲಿಷ್ ಅನ್ನುವ ದಲ್ಲಾಳಿಯನ್ನು ಆಚೆ ಕಳಿಸಿದ್ದೇ ಮದ್ದು. ರೋಮನ್ ಲಿಪಿ ಕಂಡ ಕೂಡಲೇ ನಾವು ಇಂಗ್ಲಿಷ್ ಅಂದುಕೊಂಡು ಟ, ಡ ಅನ್ನುತ್ತೇವೆ. ಟಾಕೋ ಅಂತ. ಇಲ್ಲಿ ಅದು ತಾಕೊ. ನಮ್ಮದೇ ತ, ನಮ್ಮದೇ ದ. ಅಮೆರಿಕದವರು ತಿಂಗಳುಗಟ್ಟಲೆ ನಾಲಿಗೆ ಹೊರಳಿಸುವ ಈ ಅಕ್ಷರ ನಮಗೆ ಹುಟ್ಟಿನಿಂದ ಬಂದದ್ದು. ಪೆರೊ ಅಂದರೆ ಆದರೆ, ಪೆರ್ರೊ ಅಂದರೆ ನಾಯಿ. ಆ "ರ್ರ" ಬರದೆ ಎಷ್ಟೋ ಜನ ಒದ್ದಾಡುತ್ತಾರೆ. ನಮ್ಮವರು ಧಾರವಾಡದ ಕಡೆಯವರು. ಬರ್ರಿ, ಕೂಡ್ರಿ, ಹೋಗ್ರಿ ಅಂತ ಬೆಳೆದವರಿಗೆ ಪೆರ್ರೊ ಯಾವ ಲೆಕ್ಕ? ತರಗತಿಯಲ್ಲಿ ಅವರು ಶಭಾಷ್ ಅನ್ನಿಸಿಕೊಂಡ ಏಕೈಕ ಸಂದರ್ಭ ಅದು. ಸಿಕ್ಕಿಹಾಕಿಕೊಂಡದ್ದು ಬ, ವಗಳಲ್ಲಿ. ನಮಗೆ ಇವೆರಡೂ ಬೇರೆ ಬೇರೆ. ಇಲ್ಲಿ ಎರಡಕ್ಕೂ ಒಂದೇ ಸದ್ದು. ಸ್ಪೆಲ್ಲಿಂಗ್ ಹೇಳುವಾಗ ಇಲ್ಲಿಯವರೇ ದೊಡ್ಡ ಬೇನಾ, ಚಿಕ್ಕ ವೇನಾ ಅಂತ ಕೇಳುತ್ತಾರೆ. ಜ ಅಂತೂ ಹ ಆಗುತ್ತದೆ. ವಿಜಯ ಅನ್ನುವ ಹೆಸರಿನವರು ಯಾರಾದರೂ ಇಲ್ಲಿಗೆ ಬರುವುದಿದ್ದರೆ ಬಿಹಾಯ ಆಗಲು ತಯಾರಾಗಿ ಬನ್ನಿ.

ಲಿಂಗದ ವಿಷಯದಲ್ಲಿ ಕನ್ನಡದಿಂದ ನಯಾಪೈಸೆ ಸಹಾಯವಿಲ್ಲ. ಮೇಜು, ಕುರ್ಚಿ, ನದಿ ಎಲ್ಲ ನಮಗೆ "ಅದು". ಇಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಕೈ ಹೆಣ್ಣು, ಆದರೆ ಪದ ನೋಡಿದರೆ ಗಂಡಿನ ಹಾಗೆ ಓ ಕಾರದಲ್ಲಿ ಮುಗಿಯುತ್ತದೆ. ನಮ್ಮವರು ಹಿಂದಿಯ ಜ್ಞಾನ ಬಳಸಲು ಹೋದರು. ಹಿಂದಿಯಲ್ಲಿ ಕುರ್ಚಿ, ಮೇಜು ಹೆಣ್ಣು, ಇಲ್ಲೂ ಹೆಣ್ಣು. ಭಲೇ ಅಂದುಕೊಂಡರು. ಹಿಂದಿಯ ಪುಸ್ತಕ ಹೆಣ್ಣು, ಇಲ್ಲಿ ಗಂಡು. ಅಲ್ಲಿಗೆ ಮುಗಿಯಿತು. ಕನ್ನಡದವರ ಹಿಂದಿಯನ್ನು ನಂಬಿ ಮೂರನೇ ಭಾಷೆ ಕಲಿಯುವುದು ಹೇಗೂ ಧೈರ್ಯದ ಕೆಲಸ.

ವಾಕ್ಯದ ಕ್ರಮವೂ ಉಲ್ಟಾ. ನಾವು ಕ್ರಿಯಾಪದವನ್ನು ಕೊನೆಗೆ ಇಟ್ಟುಕೊಂಡು ಕಾಯುವವರು. ಇವರು ಅದನ್ನು ಮೊದಲೇ ಹೇಳಿ ಮುಗಿಸಿರುತ್ತಾರೆ. ನಾನು ಕೊನೆಯಲ್ಲಿ ಬರುತ್ತೆ ಅಂತ ಕಿವಿ ನಿಮಿರಿಸಿ ಕೂತಿರುವಾಗ ಅದು ಹೋಗಿ ಎಷ್ಟೋ ಹೊತ್ತಾಗಿರುತ್ತದೆ. ಇದಕ್ಕೆ ನೋಟ್‌ಬುಕ್ಕಿನಲ್ಲಿ ಪರಿಹಾರ ಸಿಗಲಿಲ್ಲ. ಕೇಳಿ ಕೇಳಿಯೇ ಬರಬೇಕು. ಎರಡೂ ಹೆಚ್ಚುಕಮ್ಮಿ "ಗೋಸ್ಕರ" ಅನ್ನುವ ಹಾಗಿರುವ ಪೋರ್, ಪಾರಾ ಬಗ್ಗೆ ಮೂರು ಪುಟ ಬರೆದು ಕಾಟು ಹಾಕಿದ್ದೇನೆ.

ಮಕ್ಕಳ ದಾರಿ ಬೇರೆ. ಚಿಕ್ಕವನು ನಾಲ್ಕು ವರ್ಷಕ್ಕೆ ಕಿಂದೆರ್ ಸೇರಿದ. ಇಲ್ಲಿ ಪ್ರಾಥಮಿಕ ಶಾಲೆಗೆ ಮುಂಚಿನ ಮೂರು ವರ್ಷವೂ ಕಡ್ಡಾಯ ಶಿಕ್ಷಣಕ್ಕೆ ಸೇರಿದೆ. ಮೊದಲ ಅವಧಿ ಪೂರ್ತಿ ಅವನು ಶಾಲೆಯಲ್ಲಿ ಬಾಯಿಯೇ ಬಿಡಲಿಲ್ಲ. ಹೊಸ ಭಾಷೆಗೆ ಬಿದ್ದ ಮಕ್ಕಳು ಹೀಗೆ ಮೌನವಾಗಿರುವುದು ಮಾಮೂಲು ಅಂತ ಓದಿದ್ದೆ. ಓದಿದ್ದರೂ ಹೊಟ್ಟೆಯಲ್ಲಿ ಸಂಕಟ ತಪ್ಪಲಿಲ್ಲ. ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುವ ಹುಡುಗ. ರಜೆ ಮುಗಿಸಿ ಹೋದ ಮೇಲೆ ಒಂದು ದಿನ ನಾನು ಕರೆದರೆ "ಮಾಂದೆ?" ಅಂದ. ಇಲ್ಲಿ ದೊಡ್ಡವರು ಕರೆದರೆ ಮಕ್ಕಳು ಏನು ಅನ್ನಬಾರದು, ಮಾಂದೆ ಅನ್ನಬೇಕು. ಅಂದರೆ ಅಪ್ಪಣೆಯಾಗಲಿ ಅನ್ನುವ ಹಾಗೆ. ಕನ್ನಡದಲ್ಲಿ ಕರೆದರೆ "ಏನೂ..." ಅಂತ ಎಳೆಯುವವನು ಸ್ಪ್ಯಾನಿಶ್‌ನಲ್ಲಿ ಭಾರಿ ವಿನಯವಂತ.

ಮಗಳಿಗೆ ಹನ್ನೊಂದು. ಅವಳಿಗೆ ನಿಜವಾದ ಕಷ್ಟ. ಆಟದಲ್ಲಿ ಕಲಿಯುವ ವಯಸ್ಸು ದಾಟಿತ್ತು, ಪಾಠಗಳೂ ಗಟ್ಟಿಯಾಗಿದ್ದವು. ಮೆಕ್ಸಿಕೋ ಇತಿಹಾಸ, ಭಿನ್ನರಾಶಿ, ಸೋಮವಾರ ಬೆಳಿಗ್ಗೆ ಧ್ವಜವಂದನೆ. ಭಾರತದಲ್ಲಿ ತರಗತಿಗೆ ಮೊದಲಿಗಳಾಗಿದ್ದವಳು ಇಲ್ಲಿ ಪ್ರಶ್ನೆಯೇ ಅರ್ಥವಾಗದೆ ಕೂತಿದ್ದಳು. ಅವಳನ್ನು ಎತ್ತಿದ್ದು ಪುಸ್ತಕವಲ್ಲ, ಮಧ್ಯಾಹ್ನದ ಬಿಡುವು. ಪುಸ್ತಕದಲ್ಲಿ ಬೇಕು ಅನ್ನಲು ನೆಸೆಸೀತೋ ಇದೆ. ಇಲ್ಲಿನ ಮಕ್ಕಳು ಪೆನ್ಸಿಲ್ ಕೇಳುವಾಗ "ಓಕೂಪೊ" ಅನ್ನುತ್ತಾರೆ. ವಾಕ್ಯದ ಕೊನೆಗೆ ನಮ್ಮ ಅಲ್ವಾ ಇದ್ದ ಹಾಗೆ "ಎದಾ?" ಅಂತ ಸೇರಿಸುತ್ತಾರೆ. ಇವೆರಡು ಬಂದ ಮೇಲೆ ಅವಳು ಹೊರಗಿನವಳಾಗಿ ಉಳಿಯಲಿಲ್ಲ.

ಅವಳಿಗೆ ಬಂದದ್ದೇ ತಡ, ಮನೆಯ ದುಭಾಷಿ ಕೆಲಸವೂ ಅವಳ ತಲೆಗೆ ಬಿತ್ತು. ಬ್ಯಾಂಕ್, ಪ್ಲಂಬರ್, ಬಾಡಿಗೆ ಕರಾರು. ಅದು ಸರಿಯಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ತಮ್ಮನಿಗೆ ಜ್ವರ ಬಂದ ರಾತ್ರಿ. ಇಲ್ಲಿ ಔಷಧಿ ಅಂಗಡಿಗಳ ಪಕ್ಕದಲ್ಲೇ ಚಿಕ್ಕ ಕೋಣೆಯಲ್ಲಿ ಡಾಕ್ಟರ್ ಕೂತಿರುತ್ತಾರೆ. ಕಡಿಮೆ ಫೀಸು, ಸರದಿಯಲ್ಲಿ ಕಾದರೆ ಆಯಿತು. ಡಾಕ್ಟರ್ ನನ್ನ ಮುಖ ನೋಡಿ ಕೇಳಿದರು, ಉತ್ತರ ಕೊಟ್ಟವಳು ಮಗಳು. ಭೇದಿ ಎಷ್ಟು ಸಲ, ಯಾವ ಬಣ್ಣ ಅಂತೆಲ್ಲ ಆ ಮಗು ನಾಚಿಕೊಂಡು ಕೇಳಿ, ನಾಚಿಕೊಂಡು ಹೇಳಬೇಕಾಯಿತು. ಮುಂದಿನ ವಾರ ನಮ್ಮ ಟೀಚರ್ ಹತ್ತಿರ ಪಾಠ ಬದಿಗಿಟ್ಟು ಬರೀ ಕಾಯಿಲೆಯ ಮಾತು ಕಲಿತೆ. ನಿನ್ನೆ ರಾತ್ರಿಯಿಂದ ಜ್ವರ, ವಾಂತಿ, ಹೊಟ್ಟೆನೋವು, ಏನೂ ತಿಂದಿಲ್ಲ. ಅವನಿಗೆ ಹೊಟ್ಟೆ ನೋಯುತ್ತೆ: ಲೆ ದ್ವೇಲೆ ಲಾ ಪಾಂಸಾ. ಕನ್ನಡದಲ್ಲಿ ಯೋಚಿಸಿದರೆ ಪದಗಳು ತಾವಾಗಿ ಸಾಲಿನಲ್ಲಿ ಬರುತ್ತವೆ. ಮುಂದಿನ ಸಲ ಜ್ವರ ಬಂದಾಗ ಮಗಳನ್ನು ಮನೆಯಲ್ಲೇ ಬಿಟ್ಟು ಹೋದೆ. ಡಾಕ್ಟರ್ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಹೊರಡುವಾಗ ಅವರು "ಕೆ ಸೆ ಮೆಹೋರೆ" ಅಂದಾಗ "ಹುಷಾರಾಗಲಿ" ಅಂತಲೇ ಕೇಳಿಸಿತು.

ಈಗ ಮನೆಯಲ್ಲಿ ಹೊಸ ತಲೆನೋವು. ಅಕ್ಕ ತಮ್ಮ ಜಗಳ ಆಡುವುದು ಸ್ಪ್ಯಾನಿಶ್‌ನಲ್ಲಿ. ಊರಿಗೆ ಫೋನ್ ಮಾಡಿದರೆ ಚಿಕ್ಕವನು ಅಜ್ಜಿಗೆ "ಊಟ ಆಯ್ತು, ಎದಾ?" ಅನ್ನುತ್ತಾನೆ. ಅಜ್ಜಿ ಅದನ್ನು ಯಾವುದೋ ತಿಂಡಿ ಅಂದುಕೊಂಡಿದ್ದಾರೆ. ಒಲೆ ಮುಂದೆ ಕನ್ನಡ ಮಾತ್ರ ಅಂತ ನಿಯಮ ಮಾಡಿದ್ದೇನೆ. ಮೊದಲು ಮುರಿಯುವವರು ನಮ್ಮವರೇ.

ನನಗೆ ಇನ್ನೂ ಬಾರದ್ದು ಬಹಳ ಇದೆ. ಜೋಕ್ ಅರ್ಥವಾಗುವುದಿಲ್ಲ. ಶಾಲೆಯ ಅಮ್ಮಂದಿರ ಗ್ರೂಪ್‌ನಲ್ಲಿ ಎಲ್ಲರೂ ವಾಯ್ಸ್ ಮೆಸೇಜ್ ಕಳಿಸುತ್ತಾರೆ, ಹಿಂದೆ ಟಿವಿ, ನಾಯಿ, ಮಿಕ್ಸಿ. ಹೋದ ತಿಂಗಳು ಮಗಳ ಶಾಲೆಯಲ್ಲಿ ಪಾಲಕರ ಸಭೆ ಇತ್ತು. ಗಣಿತದಲ್ಲಿ ಅವಳು ಹೇಗಿದ್ದಾಳೆ, ಮನೆಯಲ್ಲಿ ನಾವು ಏನು ಮಾಡಬೇಕು ಅಂತ ಎದ್ದು ನಿಂತು, ಯೋ ಗೀಯೋ ಇಲ್ಲದೆ, ನೆಟ್ಟಗೆ ಕೇಳಿದೆ. ನನಗೇ ಖುಷಿಯಾಯಿತು. ಟೀಚರ್‌ಗೆ ನನ್ನ ಪ್ರಶ್ನೆ ಎಷ್ಟು ಚೆನ್ನಾಗಿ ಕೇಳಿಸಿತೋ ಏನೋ, ಇವಳಿಗೆ ಪೂರ್ತಿ ಭಾಷೆ ಬರುತ್ತದೆ ಅಂದುಕೊಂಡು ರೈಲಿನ ವೇಗದಲ್ಲಿ ಉತ್ತರ ಕೊಟ್ಟರು. ಅರ್ಧ ಹಿಡಿದೆ. ಉಳಿದರ್ಧವನ್ನು ಮನೆಗೆ ಬಂದ ಮೇಲೆ ಮಗಳು ವಿವರಿಸಿದಳು, ತನಗೆ ಅನುಕೂಲವಾಗುವ ಹಾಗೆ.